ಮೂರನೆಯ ಸಾಲಿನ ಉಸಿರು

ಕೀರ್ತನೆಯ ಮೂರನೆಯ ಸಾಲಿನ ನಡುವೆ ಆ ಪರವೂರಿನವನು ಉಸಿರೆಳೆದುಕೊಂಡ.

ನಾಲ್ಕನೆಯ ಸಾಲು ಹೇಳಬೇಕಾಗಿದ್ದ ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು. ಮೇಜಿನ ಮೇಲೆ ಹೆರಿಂಗ್ ಮೀನಿನ ಮುಳ್ಳು, ಅರ್ಧ ರೊಟ್ಟಿ, ಖಾಲಿ ಬಿಯರ್ ಲೋಟಗಳು. ಒಲೆಯ ಪಕ್ಕದ ಬೆಂಚಿನಲ್ಲಿ ಕೂತು, ಕಣ್ಣು ಮುಚ್ಚಿ, ಸೂಜಿ ದಾರ ಮಾರುವ ಲ್ಯಾಂಬರ್ಟ್ ಭಕ್ತಿಯಿಂದ ಹಾಡುತ್ತಿದ್ದ.

“ಬಾಗಿಲ...” ಎಂದ. ನಿಂತ. ಎದೆ ತುಂಬ ಉಸಿರೆಳೆದ. “...ತೆರೆದು ಒಳಗೆ ಕರೆ” ಎಂದು ಮುಗಿಸಿದ.

“ಏನ್ರೀ, ಸಾಲು ಮರ್ತೋಯ್ತಾ?” ಎದುರಿಗೆ ಕೂತಿದ್ದ ನನ್ನ ಹೆಂಡತಿ ಥಾಮಸಿನ್ ಪಿಸುಗುಟ್ಟಿದಳು. ಅವಳಿಗೆ ಗಂಟಲು ಕಟ್ಟಿ ಎರಡು ವಾರವಾಗಿತ್ತು. ಕೀರ್ತನೆಯ ಹೊತ್ತಿಗೆ ತುಟಿ ಮಾತ್ರ ಆಡಿಸುತ್ತಿದ್ದಳು. ಜೇನು, ಬೇಯಿಸಿದ ಈರುಳ್ಳಿ, ಎಲ್ಲ ಕೊಟ್ಟು ನೋಡಿದ್ದೆ.

“ಮರ್ತಿಲ್ಲ ಕಣೇ. ಮುಳ್ಳು ಸಿಕ್ಕಾಕೊಂಡಿತ್ತು” ಎಂದು ಕೆಮ್ಮಿ, ನಾಲ್ಕನೆಯ ಸಾಲು ಹೇಳಿದೆ. ಲ್ಯಾಂಬರ್ಟ್ ಅದನ್ನು ಹಾಡಿದ. ಮುಚ್ಚಿದ ಉಗ್ರಾಣದ ಬಾಗಿಲ ಹಿಂದಿನಿಂದ ಆಮಿಸಳ ಸಣ್ಣ ದನಿಯೂ ಹಾಡಿತು.

ಚರ್ಚಿನಲ್ಲಿ ಕೀರ್ತನೆಯ ಸಾಲು ಹೇಳುತ್ತಿದ್ದ ಮುದುಕ ಸಿಲ್ವೆಸ್ಟರಪ್ಪನನ್ನು ಎರಡು ವಾರದ ಹಿಂದೆ ಗೋಪುರದ ಮೆಟ್ಟಿಲಿಂದ ತಳ್ಳಿ ಕೊಂದಳೆಂದು ಈ ಆಮಿಸಳನ್ನು ಹಿಡಿದು ನನ್ನ ವಶಕ್ಕೆ ಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ಇಪ್ಸ್‌ವಿಚ್ ಜೈಲಿನ ಗಾಡಿ ಬರುತ್ತದೆ. ಅದನ್ನು ಹತ್ತಿದರೆ ಅವಳ ಕತ್ತಿಗೆ ಹಗ್ಗ ಖಂಡಿತ.

ನಾನು ಜೆರೋಮ್ ಪಾಸ್ಕ್. ರೊಟ್ಟಿ ಸುಡುವವನು. ಊರ ಕಾನ್‌ಸ್ಟೇಬಲ್ ಕೋಲು ಸರದಿಯಂತೆ ಮನೆಯಿಂದ ಮನೆಗೆ ಹೋಗುತ್ತದೆ, ಈ ವರ್ಷ ನನ್ನ ಕೊರಳಿಗೆ ಬಿತ್ತು. ನಮ್ಮ ವೆನ್‌ಲೋದಲ್ಲಿ ಬೇರೆ ವರ್ಷಗಳಲ್ಲಿ ಕಾನ್‌ಸ್ಟೇಬಲ್ಲನಿಗೆ ಬೇಲಿ ಮುರಿದ ಹಂದಿ ಹಿಡಿಯುವುದಷ್ಟೇ ಕೆಲಸ. ನನ್ನ ಹಣೆಬರಹ, ನನಗೆ ಕೊಲೆ ಬಂತು.

ಉಸಿರಾಡುವುದರಲ್ಲಿ ಏನು ಮಹಾ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ.

ನಮ್ಮಲ್ಲಿ ಓದು ಬರುವವರು ಬೆರಳೆಣಿಕೆಯಷ್ಟು. ಹಾಗಾಗಿ ಚರ್ಚಿನಲ್ಲಿ ಒಬ್ಬರು ಕೀರ್ತನೆಯ ಒಂದೊಂದೇ ಸಾಲನ್ನು ಗಟ್ಟಿಯಾಗಿ ಹೇಳುತ್ತಾರೆ, ಊರೆಲ್ಲ ಅದನ್ನೇ ಹಾಡುತ್ತದೆ. ನನಗೆ ಬುದ್ಧಿ ಬಂದಾಗಿನಿಂದ ಆ ಸಾಲು ಹೇಳಿ, ಹಾಡಿ ನಡೆಸಿದವರು ಸಿಲ್ವೆಸ್ಟರಪ್ಪ. ಅವರಿಗೆ ಉಬ್ಬಸ. ಎರಡು ಸಾಲು ಹೇಗೋ ಎಳೆಯುತ್ತಿದ್ದರು. ಮೂರನೆಯದರ ಮೊದಲ ಮಾತಿಗೇ ಅವರ ಉಸಿರು ಮುಗಿಯುತ್ತಿತ್ತು. ಅಲ್ಲಿ ನಿಂತು, ಸುಂಯ್ ಎಂದು ಗಾಳಿ ಎಳೆದು, ಮುಂದೆ ಹೋಗುತ್ತಿದ್ದರು. ಅವರು ನಿಂತರೆ ಊರೂ ನಿಲ್ಲುತ್ತಿತ್ತು. ಅವರು ಉಸಿರೆಳೆದರೆ ಊರೂ ಎಳೆಯುತ್ತಿತ್ತು. ನಮ್ಮ ಕೀರ್ತನೆಗಳೆಲ್ಲ ಒಂದೇ ಅಳತೆಯವು, ಹಾಗಾಗಿ ಪ್ರತಿಯೊಂದರಲ್ಲೂ ಅದೇ ಜಾಗದಲ್ಲಿ ಈ ನಿಲುಗಡೆ.

ಉಬ್ಬಸವಿಲ್ಲದ ನಾವೂ ಹಾಗೇ ಕಲಿತೆವು, ನಮ್ಮ ಮಕ್ಕಳೂ ಹಾಗೇ ಕಲಿತರು. ಹೋದ ವರ್ಷ ಬಂದ ಹೊಸ ಪಾದ್ರಿ “ಅಲ್ಲಿ ನಿಲ್ಲಬೇಡಿ, ಮಾತು ತುಂಡಾಗುತ್ತದೆ!” ಎಂದು ಕೂಗಿ ಕೂಗಿ ಅವರ ಗಂಟಲೇ ಕಟ್ಟಿತು. ನಾವು ಬದಲಾಗಲಿಲ್ಲ. ಕಮ್ಮಾರ ಡಿಗರಿ ಚರ್ಚಿನಲ್ಲಿ ಗೊರಕೆ ಹೊಡೆಯುತ್ತಿದ್ದರೂ ಸಾಲು ಕಿವಿಗೆ ಬಿದ್ದರೆ ನಿದ್ದೆಯಲ್ಲೇ ಉತ್ತರ ಹಾಡುತ್ತಾನೆ, ಅದೂ ಸರಿಯಾದ ಜಾಗದಲ್ಲಿ ಉಸಿರು ತೆಗೆದು.

ಊರಲ್ಲಿ ಹಾಗೆ ನಿಲ್ಲದವರು ಇಬ್ಬರೇ. ಒಬ್ಬರು ಆ ಪಾದ್ರಿ. ಇನ್ನೊಬ್ಬಳು ನನ್ನ ಹೆಂಡತಿ. ಅವಳು ನಾರ್ವಿಚ್‌ನಿಂದ ಮದುವೆಯಾಗಿ ಬಂದ ಮೊದಲ ಭಾನುವಾರ ಊರೆಲ್ಲ ಗಪ್ಪನೆ ನಿಂತಾಗ ಅವಳ ದನಿ ಮಾತ್ರ ಒಂಟಿಯಾಗಿ ಮುಂದೆ ಓಡಿತ್ತು. ಎಲ್ಲರೂ ತಿರುಗಿ ನೋಡಿದ್ದರು. ನಾನು ಇವತ್ತಿಗೂ ಅದನ್ನು ಹೇಳಿ ರೇಗಿಸುತ್ತೇನೆ. “ನಿಮ್ಮೂರಿಗೇ ಉಬ್ಬಸ, ನನಗಿಲ್ಲ” ಎನ್ನುತ್ತಾಳೆ.

ನಾಲ್ಕು ದಿನದ ಹಿಂದೆ ಗಂಟು ಹೊತ್ತು ಬಂದು ನಮ್ಮಲ್ಲೇ ತಂಗಿದ ಲ್ಯಾಂಬರ್ಟ್ ಏನು ಹೇಳಿದ್ದ? ವೆನ್‌ಲೋ ಹೆಸರನ್ನೇ ಕೇಳಿಲ್ಲ, ಈ ಕಡೆ ಕಾಲಿಟ್ಟದ್ದು ಇದೇ ಮೊದಲು ಎಂದಿದ್ದ.

ಸುಳ್ಳ!

ಹೊತ್ತು ಇಳಿಯುವ ತನಕ ಅವನ ಮೇಲೆ ಕಣ್ಣಿಟ್ಟಿದ್ದೆ. ಆಗ ಅವನು “ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ ಯಜಮಾನ್ರೇ” ಎಂದು ಎದ್ದು ಹೋದ. ಗಂಟು ಬೆಂಚಿನ ಕೆಳಗೇ ಇತ್ತು. ಹಾಗಾಗಿ ತಡೆಯಲಿಲ್ಲ. ಮೊದಲು ಆಮಿಸಳನ್ನು ಒಂದು ಮಾತು ಕೇಳಬೇಕಿತ್ತು.

ಉಗ್ರಾಣದ ಬೀಗ ತೆಗೆದೆ. ಹಿಟ್ಟಿನ ಮೂಟೆಗಳ ನಡುವೆ, ಹುಲ್ಲಿನ ಮೇಲೆ ಅವಳು ಮೊಣಕಾಲು ತಬ್ಬಿ ಕೂತಿದ್ದಳು. ಇಪ್ಪತ್ತು ತುಂಬದ ಹುಡುಗಿ, ಮುಖದಲ್ಲಿ ಮೂಗೊಂದೇ ಉಳಿದಿತ್ತು. ಆದರೂ ಬಾಯಿ ಮಾತ್ರ ಸೊರಗಿರಲಿಲ್ಲ.

“ಜೆರೋಮಣ್ಣ, ನಿಮ್ಮನೆ ಇಲಿಗಳಿಗೆ ದೇವ್ರ ಭಯಾನೇ ಇಲ್ಲ. ಸತ್ತೋರ ಕೋಟನ್ನೂ ಬಿಡಲಿಲ್ಲ.”

ಗೂಟಕ್ಕೆ ನೇತುಹಾಕಿದ್ದ ಸಿಲ್ವೆಸ್ಟರಪ್ಪನ ಕರಿ ಉಣ್ಣೆಯ ಕೋಟನ್ನು ತಿರುಗಿಸಿ ನೋಡಿದೆ.

ಆ ಕೋಟಿನ ಬೆನ್ನ ಮೇಲೆ ಒಂದು ಬಿಳಿ ಹಸ್ತದ ಗುರುತಿತ್ತು. ಬೆನ್ನಿಗೆ ಕೈಯಿಟ್ಟು ತಳ್ಳಿದ ಗುರುತು. ಅವರು ಸತ್ತ ದಿನ ಆಮಿಸ್ ಅವರ ಮನೆಗೆ ಸುಣ್ಣ ಬಳಿಯುತ್ತಿದ್ದಳು. ಸುಣ್ಣ ತೆಳುವಾಯಿತೆಂದು ಬೆಳಿಗ್ಗೆ ಇಬ್ಬರಿಗೂ ಜಗಳವಾಗಿ ಬೀದಿಗೆಲ್ಲ ಕೇಳಿತ್ತು. ಸಂಜೆ ಹೆಣದ ಪಕ್ಕದಲ್ಲಿ ಸಿಕ್ಕಿದವಳೂ ಅವಳೇ, ಕೈಯೆಲ್ಲ ಬಿಳಿ. ನ್ಯಾಯಾಧಿಕಾರಿಗಳಿಗೆ ಅಷ್ಟೇ ಸಾಕಾಯಿತು. ನನಗೂ ಸಾಕಾಗಿತ್ತು ಅನ್ನಿ.

ಈಗ ಆ ಗುರುತಿಲ್ಲ. ಗುರುತಿದ್ದ ಜಾಗವನ್ನಷ್ಟೇ ಇಲಿ ತಿಂದಿತ್ತು. ಕೋಟಿನ ಬೇರೆಲ್ಲೂ ಹಲ್ಲು ತಾಗಿಸಿರಲಿಲ್ಲ. ಒಂದು ಅಂಗೈ, ಐದು ಬೆರಳು, ಕತ್ತರಿಸಿ ತೆಗೆದಂತೆ ತೂತು. ತೂತಿನ ಆಚೆಗೆ ಗೋಡೆ ಕಾಣುತ್ತಿತ್ತು. ಕಿಂಡಿಯ ಗಾಳಿಗೆ ಕೋಟು ಅಲ್ಲಾಡಿದಾಗ ಆ ಬೆರಳುಗಳು ನನ್ನನ್ನು ಹತ್ತಿರ ಕರೆದಂತಾಯಿತು.

“ಹಾಳಾದ ಇಲಿಗಳು! ಇದ್ದ ಒಂದು ಸಾಕ್ಷೀನೂ ತಿಂದಾಕಿದ್ವು. ನ್ಯಾಯಾಧಿಕಾರಿಗಳು ನನ್ನ ಚರ್ಮ ಸುಲೀತಾರೆ.”

“ನಿಮ್ಮ ಚರ್ಮದ ಮಾತು ಹಾಗಿರ್ಲಿ. ನನ್ನ ಕತ್ತಿನ ಮಾತಾಡಿ.”

ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. “ಆವತ್ತು ಊಟ ತಗೊಂಡು ಚರ್ಚಿಗೆ ಹೋದಾಗ ಒಳಗೆ ಎರಡು ದನಿ ಕೇಳಿಸ್ತು ಅಂದ್ಯಲ್ಲ?”

“ಎಷ್ಟು ಸಲ ಹೇಳ್ಲಿ? ಸಿಲ್ವೆಸ್ಟರಪ್ಪ ಸಾಲು ಹೇಳ್ತಿದ್ರು, ಇನ್ಯಾರೋ ಗಂಡಸು ಹಾಡ್ತಿದ್ರು. ಹಾಡ್ತಿದ್ದಾಗ ಒಳಗೆ ನುಗ್ಗಿದ್ರೆ ಬೈತಾರೆ ಅಂತ ಬುಟ್ಟಿ ಬಾಗಿಲಲ್ಲಿಟ್ಟು ಮನೆಗೆ ಹೋದೆ. ಎಷ್ಟೊತ್ತಾದ್ರೂ ಬರ್ಲಿಲ್ಲ ಅಂತ ಮತ್ತೆ ಹೋದೆ. ಆಗ...”

“ಆ ಗಂಡಸು ಮೂರನೇ ಸಾಲಲ್ಲಿ ಉಸಿರು ತೆಗೆದ್ನಾ?”

ಆಮಿಸ್ ನನ್ನನ್ನು ದಿಟ್ಟಿಸಿ ನೋಡಿದಳು. “ತೆಗೆದ. ನಮ್ಮ ಹಾಗೇ. ಅದಕ್ಕೇ ನಮ್ಮೂರೋರೇ ಯಾರೋ ಅಂದ್ಕೊಂಡೆ.”

“ಇದನ್ನ ಮೊದ್ಲೇ ಬೊಗಳೋಕೇನಾಗಿತ್ತು?”

“ನೀವು ಯಾರು ಅಂತ ಕೇಳಿದ್ರಿ. ಉಸಿರು ಎಲ್ಲಿ ತೆಗೆದ ಅಂತ ಯಾರಾದ್ರೂ ಕೇಳಿದ್ರಾ?” ಎಂದವಳೇ, ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದಳು. “ಜೆರೋಮಣ್ಣ, ನಾಳೆ ನನ್ನ ಕಳಿಸ್ಬೇಡಿ. ಅಮ್ಮಂಗೆ ಕಣ್ಣು ಕಾಣಲ್ಲ. ನನ್ನ ನೇಣು ಹಾಕಿದ್ರು ಅಂತ ಯಾರಾದ್ರೂ ಹೋಗಿ ಹೇಳೋ ತನಕ ಬಾಗಿಲಲ್ಲೇ ಕಾಯ್ತಾ ಕೂತಿರ್ತಾಳೆ.”

ಆ ಮುಖ ನೋಡಲಾಗದೆ ಎದ್ದೆ. ಹೊರಗೆ ಥಾಮಸಿನ್ ಬುಟ್ಟಿಗೆ ಬಿಸಿ ರೊಟ್ಟಿ ಇಡುತ್ತಿದ್ದಳು. ಆಮಿಸ್ ಸೆರೆಯಾದ ದಿನದಿಂದ, ದಿನಾ ಮುಸ್ಸಂಜೆ, ಅವಳ ಕುರುಡಿ ತಾಯಿಗೆ ರೊಟ್ಟಿ ಕೊಟ್ಟು ಬರುವುದು ಥಾಮಸಿನ್‌ಳೇ. ಯಾರೂ ಹೇಳದೆ ತಾನೇ ಹಚ್ಚಿಕೊಂಡ ಕೆಲಸ. ಇಂಥ ಹೆಂಡತಿ ಸಿಕ್ಕಿದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದೂ ಉಂಟು.

“ನಾನು ಹೊರಗೆ ಹೋಗ್ಬೇಕು. ಬೀಗದ ಕೈ ತಗೋ” ಎಂದೆ. “ಹೋಗೋಕೆ ಮುಂಚೆ ಆಮಿಸ್‌ಗೆ ಗಂಜಿ ಕೊಡು. ಕೊನೇ ರಾತ್ರಿ ಊಟ, ಬೆಣ್ಣೆ ಜಾಸ್ತಿ ಹಾಕು.”

ಅವಳು ಕೈಯನ್ನು ಹಿಟ್ಟಿನ ಏಪ್ರನ್‌ಗೆ ಒರೆಸಿಕೊಂಡು ಬೀಗದ ಕೈ ತೆಗೆದುಕೊಂಡಳು. “ಎಲ್ಲಿಗೆ?” ಎಂದು ತುಟಿಯಲ್ಲೇ ಕೇಳಿದಳು.

“ಹಂದಿ ಹಿಡಿಯೋಕೆ” ಎಂದು ಕೋಲು ತೆಗೆದುಕೊಂಡೆ.

ಮಂಜು ಇಳಿದಿತ್ತು. ಬೀದಿಯಲ್ಲಿ ಡಿಗರಿ ಆಗಲೇ ಕುಲುಮೆಯ ಕಿಟಕಿಗಳನ್ನು ಮುಚ್ಚುತ್ತಿದ್ದ. ಎರಡು ವಾರದಿಂದ ಮುಸ್ಸಂಜೆಯಾದರೆ ವೆನ್‌ಲೋದಲ್ಲಿ ಚರ್ಚಿನ ಕಡೆಯ ಒಂದು ಕಿಟಕಿಯೂ ತೆರೆದಿರುವುದಿಲ್ಲ. ಖಾಲಿ ಚರ್ಚಿನೊಳಗೆ ಯಾರೋ ಕೀರ್ತನೆ ಹಾಡುತ್ತಾರೆ.

“ಏನಪ್ಪಾ ಕಾನ್‌ಸ್ಟೇಬಲ್, ಕೋಲು ಹಿಡ್ಕೊಂಡು ದೆವ್ವ ಹಿಡಿಯೋಕೆ ಹೊರಟ್ಯಾ?”

“ಸೂಜಿ ಮಾರೋನು ಈ ಕಡೆ ಹೋದ್ನಾ?”

“ಚರ್ಚ್ ಕಡೆ ಹೋದ. ಬೇಡ ಕಣಯ್ಯ ಅಂದೆ, ನಕ್ಕ. ಪರವೂರಿನ ಧೈರ್ಯ.”

“ನೀನು ಅದನ್ನ ಕೇಳಿದ್ಯಲ್ಲ ಡಿಗರಿ. ಹೇಗಿತ್ತು?”

ಅವನು ದನಿ ತಗ್ಗಿಸಿದ. “ಮೊದ್ಲು ಸಾಲು ಹೇಳುತ್ತೆ, ಗೊಣಗಿದ ಹಾಗೆ. ಆಮೇಲೆ ಅದೇ ಹಾಡುತ್ತೆ. ಗೋಡೆಯಾಚೆಗೆ ಗಂಡೋ ಹೆಣ್ಣೋ ತಿಳಿಯಲ್ಲ. ಥೇಟ್ ಸಿಲ್ವೆಸ್ಟರಪ್ಪ ನಡೆಸ್ತಿದ್ದ ಹಾಗೇ.”

“ಮೂರನೇ ಸಾಲಲ್ಲಿ ಉಸಿರು?”

“ಮೂರನೇ ಸಾಲಿನ ತನಕ ನಿಂತಿರೋಕೆ ನನಗೇನು ತಲೆ ಕೆಟ್ಟಿದ್ಯಾ? ಎರಡನೇದಕ್ಕೇ ಮನೇಲಿದ್ದೆ, ಬಾಗಿಲಿಗೆ ಅಗಳಿ ಹಾಕಿ!”

ನಗು ಬಂತು. ಆದರೆ ನಗುವ ಯೋಗ್ಯತೆ ನನಗೂ ಇರಲಿಲ್ಲ. ಹೋದ ವಾರ ನಾನೂ ಎರಡನೆಯ ಸಾಲಿಗೇ ಓಡಿದ್ದೆ.

ಚರ್ಚಿನ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ಕತ್ತಲೆ ಇನ್ನೂ ಪೂರ್ತಿ ಕೂಡಿರಲಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಗೋಡೆ ತುಂಬ ಸಂತರ ಚಿತ್ರಗಳಿದ್ದವಂತೆ. ರಾಜರ ಆಜ್ಞೆಯಾಗಿ ಎಲ್ಲಕ್ಕೂ ಸುಣ್ಣ ಬಳಿದರು. ಆದರೆ ಚಳಿಗಾಲದ ತೇವಕ್ಕೆ ಸುಣ್ಣದ ಅಡಿಯಿಂದ ಕಣ್ಣುಗಳು ಹೊರಬರುತ್ತವೆ. ಬೇರೇನೂ ಕಾಣುವುದಿಲ್ಲ, ಕಣ್ಣಷ್ಟೇ. ಆ ಸಂಜೆ ಉತ್ತರದ ಗೋಡೆಯಿಂದ ಒಂದು ಜೊತೆ ಕಣ್ಣು ನಾನು ನಡೆದ ಕಡೆಗೆಲ್ಲ ತಿರುಗುತ್ತಿತ್ತು.

ಲ್ಯಾಂಬರ್ಟ್ ಸಿಲ್ವೆಸ್ಟರಪ್ಪ ಸಾಲು ಹೇಳುತ್ತಿದ್ದ ಮೇಜಿನ ಮುಂದೆ ನಿಂತಿದ್ದ. ಅದರ ಮರವನ್ನು ಅಂಗೈಯಿಂದ ಸವರುತ್ತಿದ್ದ, ಮುದಿ ಕುದುರೆಯ ಕತ್ತು ಸವರಿದ ಹಾಗೆ.

“ಸೂಜಿ ಮಾರೋನಿಗೆ ಇಲ್ಲೇನು ವ್ಯಾಪಾರ?” ಎಂದೆ.

ಅವನು ಬೆಚ್ಚಿ ತಿರುಗಿದ. “ಸುಮ್ನೆ, ಪ್ರಾರ್ಥನೆ ಮಾಡೋಣ ಅಂತ...”

“ದಿನಾ ಸಂಜೆ ಇಲ್ಲಿ ಹಾಡಿ ಊರಿನ ಜೀವ ತೆಗೀತಿರೋನು ನೀನೇನಾ?”

“ನಾನಲ್ಲ ಯಜಮಾನ್ರೇ. ಆಣೆ.”

“ನಿನ್ನ ಆಣೆ ನಿನ್ನ ಗಂಟಲ್ಲೇ ಇಟ್ಕೋ. ಈ ಊರಿಗೆ ಬಂದಿದ್ದು ಇದೇ ಮೊದಲು ಅಂದ್ಯಲ್ಲ? ಹಾಡು ನೋಡೋಣ, ಮಧ್ಯಾಹ್ನ ಹಾಡಿದ್ದನ್ನೇ. ಮೂರನೇ ಸಾಲು, ನಡುವೆ ನಿಲ್ಲದೆ. ಬಾಗಿಲ ತೆರೆದು ಒಳಗೆ ಕರೆ. ಹೂಂ, ಹಾಡು!”

ಅವನಿಗೆ ಅರ್ಥವಾಯಿತು. ಆದರೂ ಹಟಕ್ಕೆ ಬಿದ್ದು ಬಾಯಿ ತೆರೆದ. “ಬಾಗಿಲ” ಎಂದ. ಮುಂದಿನ ಮಾತನ್ನು ಹಿಂದೆಯೇ ತರಲು ಕತ್ತಿನ ನರ ಉಬ್ಬಿಸಿ ಒದ್ದಾಡಿದ. ಆಗಲಿಲ್ಲ. ಎದೆ ತಾನಾಗಿಯೇ ನಿಂತು, ತಾನಾಗಿಯೇ ಉಸಿರೆಳೆಯಿತು. ಮತ್ತೊಮ್ಮೆ ಹಾಡಿದ, ಮತ್ತದೇ ಜಾಗದಲ್ಲಿ ನಿಂತ. ಮೂರನೆಯ ಸಲ ಅಳುತ್ತಿದ್ದ.

“ಆಗಲ್ಲ ಅಣ್ಣ. ಹಡಗಲ್ಲಿ ಜೊತೆಯವರು ನಗ್ತಿದ್ರು, ಎಷ್ಟು ವರ್ಷ ಪ್ರಯತ್ನಪಟ್ಟೆ. ಅಪ್ಪನ ಉಬ್ಬಸ ನನ್ನ ಬಿಡ್ತಾನೇ ಇಲ್ಲ.”

ಅಪ್ಪ!

ಸಿಲ್ವೆಸ್ಟರಪ್ಪನಿಗೆ ಇದ್ದದ್ದು ಒಬ್ಬನೇ ಮಗ, ಎಲ್ಲಿಸ್. ಹದಿನಾಲ್ಕರ ವಯಸ್ಸಲ್ಲಿ ಅಪ್ಪನ ಹತ್ತಿರ ಏಟು ತಿಂದು ಹೊಳೆಗೆ ಹಾರಿದ. ದಡದಲ್ಲಿ ಬಟ್ಟೆ ಸಿಕ್ಕಿತ್ತು. ಎಷ್ಟೋ ದಿನದ ಮೇಲೆ ಗುರುತೇ ಸಿಗದ ಒಂದು ಹೆಣವೂ ಸಿಕ್ಕಿತ್ತು. ಅದರ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಆ ಭಾರ ನನ್ನ ಹೆಗಲಿಗೆ ಇನ್ನೂ ನೆನಪಿದೆ.

“ಎಲ್ಲಿಸ್?” ಎಂದೆ. “ಹಾಗಾದ್ರೆ ಹೊರಗೆ ಸಮಾಧಿಯಲ್ಲಿ ಮಲಗಿರೋನು ಯಾರಯ್ಯ?”

“ನನಗೇನು ಗೊತ್ತು? ನಾನು ದಡದಲ್ಲಿ ಬಟ್ಟೆ ಬಿಟ್ಟು ದೋಣಿ ಹತ್ತಿದೆ. ಅಪ್ಪ ಅಳಲಿ ಅಂತ. ಸಣ್ಣವನಲ್ವಾ, ಅಷ್ಟೇ ಬುದ್ಧಿ.”

ಆ ಅನಾಮಧೇಯನ ವಿಚಾರ ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ. ಒಂದು ಹೆಣವೇ ಸಾಕಾಗಿತ್ತು.

“ಅಪ್ಪನ್ನ ಕೊಂದ್ಯಾ?”

“ಇಲ್ಲ!” ಆ ಕೂಗಿಗೆ ಗೋಡೆಯ ಕಣ್ಣುಗಳೂ ಮಿಟುಕಿದವೇನೋ ಅನ್ನಿಸಿತು. “ಆವತ್ತು ಮಧ್ಯಾಹ್ನ ಇಲ್ಲಿಗೆ ಬಂದೆ. ಅಪ್ಪ ಒಬ್ರೇ ಇದೇ ಮೇಜಿನ ಮುಂದೆ ನಿಂತು ಸಾಲು ಹೇಳ್ತಿದ್ರು. ಭಾನುವಾರಕ್ಕೆ ತಯಾರಿ. ನಾನು ಹಿಂದೆ ಬಾಗಿಲ ಹತ್ರ ನಿಂತು ಉತ್ತರ ಹಾಡಿದೆ. ಅವರಿಗೆ ಕಣ್ಣು ಮಂದ, ನನ್ನ ಮುಖ ಕಾಣಿಸ್ಲಿಲ್ಲ. ಮೂರನೇ ಸಾಲಲ್ಲಿ ನಾನು ಉಸಿರೆಳೆದೆ ನೋಡು, ಅವರು ಸಾಲು ಬಿಟ್ಟು ನನ್ನ ಕಡೆ ತಿರುಗಿದ್ರು. ‘ಎಲ್ಲಿಸ್, ಇಷ್ಟು ತಡ ಯಾಕೋ?’ ಅಂದ್ರು. ಇನ್ನೇನೂ ಕೇಳಲಿಲ್ಲ ಅಣ್ಣ. ನಾವು ಕೀರ್ತನೆ ಮೇಲೆ ಕೀರ್ತನೆ ಹಾಡ್ತಾನೇ ಇದ್ವಿ.”

ನಾನು ಕೋಲನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತೆ.

“ಆಮೇಲೆ?”

“ಭಾನುವಾರ ಬಾ, ಊರೆದುರಿಗೇ ಮಗ ಬಂದ ಅಂತ ಹೇಳ್ತೀನಿ ಅಂದ್ರು. ಹೊರಡೋಕೆ ಮುಂಚೆ ಕೊನೇದೊಂದು ಹಾಡ್ತಿದ್ವಿ. ಆಗ...” ಅವನು ನನ್ನ ಪಕ್ಕ ಕೂತು ದನಿ ಇಳಿಸಿದ. “ಆಗ ಮೂರನೇ ದನಿ ಸೇರ್ತು.”

“ಯಾವ ಮೂರನೇ ದನಿ?”

“ಅಲ್ಲಿಂದ.” ಅವನು ಗೋಪುರದ ಬುಡದ ಕತ್ತಲೆಗೆ ಬೆರಳು ತೋರಿಸಿದ. ಸಿಲ್ವೆಸ್ಟರಪ್ಪ ಕತ್ತು ಮುರಿದು ಬಿದ್ದಿದ್ದ ಜಾಗವೇ ಅದು. “ಹೆಂಗಸಿನ ದನಿ. ನಾವಿಬ್ರೂ ಮೂರನೇ ಸಾಲಲ್ಲಿ ನಿಂತ್ವಿ. ಅದು ನಿಲ್ಲಲಿಲ್ಲ.”

ನನಗೆ ಅರ್ಥವಾಗಲಿಲ್ಲ. ಅಲ್ಲ, ಅರ್ಥ ಮಾಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ನಾನು ಆಮಿಸಳನ್ನಷ್ಟೇ ನೆನೆದೆ. ಆಮಿಸ್ ವೆನ್‌ಲೋದಲ್ಲಿ ಹುಟ್ಟಿದವಳು. ನಿಲ್ಲದೆ ಹಾಡೆಂದು ತಲೆಯ ಮೇಲೆ ಕಲ್ಲು ಹೇರಿದರೂ ಅವಳ ಎದೆ ಆ ಜಾಗದಲ್ಲಿ ನಿಂತೇ ನಿಲ್ಲುತ್ತದೆ. ಹಾಗಾದರೆ ಆಮಿಸ್ ಅಲ್ಲ! ಹುಡುಗಿ ಬದುಕಿದಳು! ಎದ್ದು ಕುಣಿಯಬೇಕು ಅನ್ನಿಸಿತು.

“ನಿನ್ನ ಅಪ್ಪ ಏನಂದ್ರು?”

“ಹೆದರ್ಲಿಲ್ಲ. ನಿಟ್ಟುಸಿರು ಬಿಟ್ರು. ‘ಅವಳು ದಿನಾ ಬರ್ತಾಳೆ. ನೀನು ಹೊರಡು, ನಾನು ಅವಳ ಹತ್ರ ಮಾತಾಡ್ಬೇಕು’ ಅಂದ್ರು. ನಾನು ಹೊರಟೆ. ಮಾರನೇ ದಿನ ಅಪ್ಪ ಸತ್ರು ಅಂತ ಸುದ್ದಿ. ಸತ್ತು ಹೂತಿರೋ ಮಗ ಎದ್ದು ಬಂದ, ಅವತ್ತೇ ಅಪ್ಪ ಸತ್ತ ಅಂದ್ರೆ ನನ್ನ ಯಾರು ನಂಬ್ತಾರೆ? ಓಡಿಹೋದೆ. ಹೋದ ಕಡೆ ಒಂದು ಹುಡುಗೀನ ಹಿಡಿದಿದ್ದಾರೆ ಅಂತ ಕೇಳಿ ನಿದ್ದೆ ಬರ್ಲಿಲ್ಲ, ವಾಪಸ್ ಬಂದೆ.”

“ಬಂದು ನಾಲ್ಕು ದಿನ ನನ್ನ ರೊಟ್ಟಿ ತಿಂದ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡು ಕೂತ್ಯಾ? ಹೇಡಿ! ಆ ಹುಡುಗಿ ಬಾಗಿಲ ಹಿಂದೆ ಸಾಯ್ತಾ ಇದ್ಲು!”

“ಬೈಯಿ ಅಣ್ಣ. ಬೈಸ್ಕೋಬೇಕಾದ್ದೇ. ಆದ್ರೆ ಬರೀ ಬಾಯಿಮಾತು ಯಾರಿಗೆ ಬೇಕು? ದಿನಾ ಸಂಜೆ ಇಲ್ಲಿ ಯಾರೋ ಹಾಡ್ತಾರೆ ಅಂತ ಊರೆಲ್ಲ ಹೇಳ್ತಿದೆ. ಅದೇ ದನಿ ಇರ್ಬೋದು ಅಂತ ಅನ್ನಿಸ್ತು. ನಾಳೆ ಗಾಡಿ ಬರುತ್ತೆ. ಇವತ್ತು ಕೇಳ್ಲೇಬೇಕು ಅಂತ ಬಂದೆ. ನೀನೂ ಕೇಳು. ಕಾನ್‌ಸ್ಟೇಬಲ್ ಕಿವಿ ಅಂದ್ರೆ ಸಾಕ್ಷಿ.”

ಗೋಪುರದ ಕಡೆಯ ಚಿಕ್ಕ ಬಾಗಿಲು ಕಿರ್ರೆಂದಿತು.

ನಾವಿಬ್ಬರೂ ಬೆಂಚಿನ ಕೆಳಗೆ ಬಗ್ಗಿದೆವು. ದೀಪವಿಲ್ಲ. ಹೆಜ್ಜೆ ಸದ್ದೂ ಇಲ್ಲ, ಬಟ್ಟೆ ಕಲ್ಲಿಗೆ ಸವರಿದ ಸದ್ದಷ್ಟೇ. ಗೋಪುರದ ಬುಡದಲ್ಲಿ ಕತ್ತಲೆ ಇನ್ನಷ್ಟು ದಟ್ಟವಾಗಿ, ಮೊಣಕಾಲೂರಿ ಕೂತಂತಾಯಿತು.

ಮೊದಲು ಗೊಣಗಿದ ಹಾಗೆ ಸಾಲು ಹೇಳಿತು. ಆಮೇಲೆ ಅದನ್ನೇ ಹಾಡಿತು.

“ನನ್ನ ದೀಪ ಸಣ್ಣದು ಒಡೆಯಾ...”

ಮತ್ತೆ ಗೊಣಗು. ಮತ್ತೆ ಹಾಡು.

“ಇರುಳೋ ಬಲು ದೊಡ್ಡದು...”

ಇಲ್ಲಿಯವರೆಗೆ ಊರೆಲ್ಲ ಕೇಳಿತ್ತು. ಇದರ ಮುಂದಿನದನ್ನು ಯಾರೂ ಕೇಳಿರಲಿಲ್ಲ. ಎಲ್ಲಿಸ್ ನನ್ನ ಮಣಿಕಟ್ಟು ಹಿಡಿದ.

“ಬಾಗಿಲ” ಎಂದಿತು ಆ ದನಿ.

ನನ್ನ ಎದೆ ತಾನಾಗಿ ನಿಂತಿತು. ಎಲ್ಲಿಸನ ಎದೆಯೂ ನಿಂತದ್ದು ನನಗೆ ತಿಳಿಯಿತು. ನಾವಿಬ್ಬರೂ ಉಸಿರೆಳೆದ ಆ ಖಾಲಿ ಜಾಗದಲ್ಲಿ ಆ ದನಿ ನಿಲ್ಲದೆ, ಒಂಟಿಯಾಗಿ, ಮುಂದೆ ಹೋಯಿತು.

“ತೆರೆದು ಒಳಗೆ ಕರೆ.”

ಅದೇ, ಎಂಬಂತೆ ಎಲ್ಲಿಸ್ ನನ್ನ ಮಣಿಕಟ್ಟನ್ನು ಹಿಸುಕಿದ. ಅವನು ಹೇಳಬೇಕಾಗಿರಲಿಲ್ಲ. ಮದುವೆಯಾಗಿ ಬಂದ ಮೊದಲ ಭಾನುವಾರ ಊರೆಲ್ಲ ಗಪ್ಪನೆ ನಿಂತಾಗ ಹೀಗೇ ಮುಂದೆ ಓಡಿದ ದನಿ ಅದು. ಗಂಟಲು ಕಟ್ಟಿರಲಿಲ್ಲ. ಗಾಜಿನಷ್ಟು ಸ್ವಚ್ಛವಾಗಿತ್ತು.

ಉಗ್ರಾಣದ ಕೋಟು ಕಣ್ಣ ಮುಂದೆ ಬಂತು. ಅಂಗೈ, ಐದು ಬೆರಳು. ಇಲಿ ಸುಣ್ಣ ತಿನ್ನುವುದಿಲ್ಲ. ಸುಣ್ಣ ಬಾಯಿ ಸುಡುತ್ತದೆ. ನನ್ನ ಮನೆಯ ಇಲಿಗಳು ಇಷ್ಟಪಟ್ಟು, ಹುಡುಕಿ, ಗೆರೆ ತಪ್ಪದೆ ತಿನ್ನುವುದು ಒಂದನ್ನೇ. ಕಲಸಿದ ಹಿಟ್ಟು. ಹಿಟ್ಟಿನ ಕೈ ಉಣ್ಣೆಯ ಮೇಲೆ ಒಣಗಿದರೆ ಹೇಗೆ ಬಿಳಿಯಾಗಿ ಕೂರುತ್ತದೆಂದು ಇಡೀ ಊರಿನಲ್ಲಿ ನನ್ನಷ್ಟು ಗೊತ್ತಿರುವವನು ಯಾರು? ನನ್ನ ಕೋಟಿನ ಬೆನ್ನ ಮೇಲೂ ಅಂಥದೇ ಕೈಯ ಗುರುತು ಎಷ್ಟು ಸಲ ಇತ್ತು, ಪ್ರೀತಿಯಿಂದ ತಟ್ಟಿದ್ದು.

“ಯಾರದು?” ಎಲ್ಲಿಸ್ ನನ್ನ ಕಿವಿಯಲ್ಲಿ ಕೇಳಿದ. “ನಿಂಗೆ ಗೊತ್ತು ಅಣ್ಣ. ಯಾರದು?”

ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಬೆಳಿಗ್ಗೆ ಗಾಡಿ ಬರುತ್ತಿತ್ತು, ಆಮಿಸ್ ಹತ್ತುತ್ತಿದ್ದಳು, ನನ್ನ ಮನೆ ನನ್ನ ಮನೆಯಾಗಿಯೇ ಉಳಿಯುತ್ತಿತ್ತು. ದೇವರೇ, ಒಂದು ಗಳಿಗೆ ನಾನು ಅದನ್ನೇ ಬಯಸಿದೆ.

ಗೋಪುರದ ಬುಡದಲ್ಲಿ ಆ ದನಿ ನಾಲ್ಕನೆಯ ಸಾಲು ಹೇಳಿತು. “ಹೊರಗೆ ಚಳಿ ಹೆಚ್ಚಿತು.” ಹೇಳಿ, ಹಾಡಲು ಬಾಯಿ ತೆರೆದಿರಬೇಕು. ಅಳು ಬಂದು ಹಾಡು ಹೊರಡಲಿಲ್ಲ.

ಹೇಳಿದ ಸಾಲು ಉತ್ತರವಿಲ್ಲದೆ ಕತ್ತಲೆಯಲ್ಲಿ ನಿಂತಿತು.

ನಾನು ವೆನ್‌ಲೋದವನು. ಆ ಗಾಳಿಯಲ್ಲೇ ಬೆಳೆದವನು. ಬೇಡ ಬೇಡ ಎಂದು ಮನಸ್ಸು ಕೂಗುತ್ತಿದ್ದಾಗಲೇ, ನಿದ್ದೆಯಲ್ಲಿರುವ ಡಿಗರಿಯ ಹಾಗೆ, ನನ್ನ ಗಂಟಲು ತಾನಾಗಿ ತೆರೆದುಕೊಂಡಿತು.

“ಹೊರಗೆ ಚಳಿ ಹೆಚ್ಚಿತು...” ಎಂದು ನಾನು ಹಾಡಿಬಿಟ್ಟೆ.

ಬುಟ್ಟಿ ಬಿದ್ದ ಸದ್ದಾಯಿತು. ರೊಟ್ಟಿಯೊಂದು ಕಲ್ಲಿನ ನೆಲದ ಮೇಲೆ ಉರುಳಿ ಎಲ್ಲೋ ನಿಂತಿತು.

“ರೀ” ಎಂದಳು ಥಾಮಸಿನ್. “ನೀವಾ?”

ನಾನು ಎದ್ದು ನಿಂತೆ. ಅವಳ ಮುಖ ಕಾಣುತ್ತಿರಲಿಲ್ಲ, ಏಪ್ರನ್ನಿನ ಬಿಳುಪು ಮಾತ್ರ ಕಾಣುತ್ತಿತ್ತು. ಕಾನ್‌ಸ್ಟೇಬಲ್ ಕೋಲು ಗೋಡೆಗೆ ಒರಗಿತ್ತು. ಅದನ್ನು ತೆಗೆದುಕೊಳ್ಳಲು ಕೈ ಹೋಗಲಿಲ್ಲ.

“ಮನೆಗೆ ನಡಿ” ಎಂದೆ.

“ಮನೇಲಿ ಯಾರೂ ಇಲ್ಲ.” ಅವಳ ದನಿಯಲ್ಲಿ ಈಗ ಅಳುವಿರಲಿಲ್ಲ. “ಆಮಿಸ್‌ನ ಬಿಟ್ಟು ಕಳಿಸ್ದೆ. ತಾಯೀನ ಕರ್ಕೊಂಡು ಆಗ್ಲೇ ಹೊಳೆ ದಾಟಿರ್ತಾಳೆ. ಮಗ ಬಂದ, ಇನ್ನು ಹಾಡೋಕೆ ನೀನು ಬರ್ಬೇಡ ಅಂದ್ರು ಸಿಲ್ವೆಸ್ಟರಪ್ಪ, ಸಿಟ್ಟಲ್ಲಿ ತಳ್ಳಿದ್ದು ನಾನು. ಏನೂ ಮಾಡದ ಮಗು ಅದು, ಗಾಡಿ ಹತ್ತೋದನ್ನ ನೋಡೋಕೆ ನನ್ನ ಕೈಲಾಗ್ಲಿಲ್ಲ. ನಾಳೆ ಗಾಡಿ ಬಂದ್ರೆ ಉಗ್ರಾಣ ಖಾಲಿ ಇರುತ್ತೆ. ಖಾಲಿ ಗಾಡಿ ವಾಪಸ್ ಕಳಿಸಿದ ಕಾನ್‌ಸ್ಟೇಬಲ್‌ನ ಏನು ಮಾಡ್ತಾರೆ ಅಂತ ನಿಮಗೇ ಗೊತ್ತಲ್ಲ. ಯಾರನ್ನ ಹತ್ತಿಸ್ತೀರೋ ನೀವೇ ಹೇಳಿ.”

ಕಬ್ಬಿಣದ್ದೇನೋ ಕಲ್ಲಿನ ನೆಲದ ಮೇಲೆ ಜಾರಿ ಬಂದು ನನ್ನ ಬೂಟಿಗೆ ತಾಗಿತು. ಬಗ್ಗಿ ಮುಟ್ಟಿದೆ. ಉಗ್ರಾಣದ ಬೀಗದ ಕೈ, ಅವಳ ಅಂಗೈಯ ಬಿಸಿ ಇನ್ನೂ ಆರಿರಲಿಲ್ಲ.